ಆಚೆ ನೀರು, ಈಚೆ ಉಸಿರು

ಕೇಳುಗರಿಗೆ ನಮಸ್ಕಾರ.

ನಮ್ಮ ಹುಬ್ಬಳ್ಳಿ ವಾಲ್ವ್‌ಗಳಿಗೆ ಹೆಸರಾದ ಊರು. ಗೋಕುಲ ರಸ್ತೆಯಲ್ಲಿ ಮೂವತ್ತು ವರ್ಷ ನಾನು ಮಾಡಿದ್ದೂ ಅದೇ ಕೆಲಸ. ಇಬ್ಬರು ಸೇರಿ ಎತ್ತಬೇಕಾದ ವಾಲ್ವ್‌ಗಳೂ ನನ್ನ ಕೈ ದಾಟಿ ಹೋಗಿವೆ. ಇವತ್ತು ಹೇಳುವುದು ಅಂಗೈಯಲ್ಲಿ ಹಿಡಿಯುವಂಥ ಒಂದು ವಾಲ್ವಿನ ವಿಷಯ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸಮುದ್ರದಲ್ಲಿ ಮುಳುಗುವವರು ಬಾಯಲ್ಲಿ ಕಚ್ಚಿಕೊಂಡಿರುತ್ತಾರಲ್ಲ, ಅದು. ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಕೊಡುವ ರೆಗ್ಯುಲೇಟರಿನ ಎರಡನೆಯ ಹಂತ ಎಂದು ಅದರ ಹೆಸರು.

ಮೊದಲೇ ಹೇಳಿಬಿಡುತ್ತೇನೆ: ಅವರ ಬೆನ್ನಿನ ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ. ನಾವು ನೀವು ಉಸಿರಾಡುವ ಗಾಳಿಯೇ, ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದ್ದು. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ದಂಡೆಯ ಮೇಲೆ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಎಷ್ಟು ಸಲ ಹೇಳಿದರೂ ನಮ್ಮ ಮನೆಯವರೇ ಆಕ್ಸಿಜನ್ ಎನ್ನುತ್ತಾರೆ.

ನಾನು ಹತ್ತು ವರ್ಷದವನಿದ್ದಾಗಿನ ಮಾತು. ಗದಗದ ಹತ್ತಿರ ನಮ್ಮ ಹೊಲದ ಬಾವಿ. ಸೊಂಟಕ್ಕೆ ಬೆಂಡು ಕಟ್ಟಿ ಈಜು ಕಲಿಸಿದವರು ಕಾಕಾ. ಕಲಿತ ಮೇಲೆ ನೀರಿನೊಳಗೇ ಕೂತಿರಬೇಕೆಂಬ ಹುಚ್ಚು ಹತ್ತಿತು. ಪಪ್ಪಾಯಿ ಎಲೆಯ ತೊಟ್ಟು ಟೊಳ್ಳು ತಾನೆ? ಅದನ್ನು ಬಾಯಲ್ಲಿಟ್ಟು ತಲೆ ಮುಳುಗಿಸಿದೆ, ಉಸಿರು ಸಲೀಸು. ತೊಟ್ಟಿನ ಹಾಲು ಹತ್ತಿ ತುಟಿ ಎರಡು ದಿನ ಉರಿಯಿತು, ಅದು ಬೇರೆ. ಆಮೇಲೆ ತಮ್ಮ ಎಲ್ಲಿಂದಲೋ ಒಂದು ರಬ್ಬರ್ ಪೈಪು ತಂದ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಬಾಯಲ್ಲಿ. ಮೂಗು ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಎದೆ ಒಂದು ಮೀಟರ್ ಕೆಳಗೆ ಹೋಗಿರಬೇಕು, ಉಸಿರು ಒಳಗೆ ಬರಲೇ ಇಲ್ಲ. ತಮ್ಮ ಪೈಪು ಮಡಚಿ ಹಿಡಿದಿದ್ದಾನೆಂದುಕೊಂಡು, ಮೇಲೆ ಬಂದವನೇ ಅವನಿಗೆ ಎರಡು ಬಿಗಿದೆ. ಗದ್ದಲ ಕೇಳಿ ಬಂದ ಕಾಕಾ ಇಬ್ಬರಿಗೂ ಬಿಗಿದರು.

ಪಾಪ, ತಪ್ಪು ತಮ್ಮನದಲ್ಲ, ನೀರಿನದು. ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 100 ಗ್ರಾಂ ಭಾರ. ದೊಡ್ಡವರ ಎದೆಯ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಜೋಳದ ಚೀಲ. ಪೈಪಿನಲ್ಲಿ ಬರುವುದು ದಂಡೆಯ ಮೇಲಿನ ಗಾಳಿ. ಅದನ್ನು ಎಳೆದುಕೊಳ್ಳಲು ಆ ಚೀಲವನ್ನೇ ಎತ್ತಿ ಎದೆ ಉಬ್ಬಿಸಬೇಕು.

ಆಳದಲ್ಲಿ ಬೇಕಾದದ್ದು ಆ ಆಳದ ನೀರಿನಷ್ಟೇ ಒತ್ತಡದ ಗಾಳಿ. ಅಳೆದು ಕೊಡುವವರು ಯಾರು? ನೀರೇ! ಸಿಲಿಂಡರಿನ ಮೇಲಿರುವ ಮೊದಲ ಹಂತ ಒತ್ತಡವನ್ನು ಸುತ್ತಲಿನ ನೀರಿಗಿಂತ ಒಂಬತ್ತು ಹತ್ತು ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸಿ ಕಳಿಸುತ್ತದೆ. ಉಳಿದದ್ದು ಬಾಯಲ್ಲಿರುವ ಡಬ್ಬಿಯ ಕೆಲಸ. ಅದರ ಮುಖಕ್ಕೆ ತೆಳುವಾದ ರಬ್ಬರ್ ಹಾಳೆ, ಡಯಾಫ್ರಮ್. ಹಾಳೆಯ ಆಚೆ ನೀರು, ಈಚೆ ಉಸಿರು. ನೀವು ಉಸಿರೆಳೆದಿರಿ, ಡಬ್ಬಿಯೊಳಗಿನ ಒತ್ತಡ ತುಸು ಇಳಿಯಿತು. ಆಚೆಯ ನೀರು ಹಾಳೆಯನ್ನು ಒಳಕ್ಕೆ ನೂಕಿತು, ಹಾಳೆ ಸನ್ನೆಕೋಲನ್ನು ಒತ್ತಿತು, ಕೋಲು ವಾಲ್ವನ್ನು ಸೀಟಿನಿಂದ ಸರಿಸಿತು, ಗಾಳಿ ನುಗ್ಗಿತು. ಎಳೆಯುವುದನ್ನು ನಿಲ್ಲಿಸಿದಿರಿ, ಎರಡೂ ಕಡೆ ಸಮವಾಯಿತು, ಸ್ಪ್ರಿಂಗ್ ಬಾಗಿಲು ಮುಚ್ಚಿತು. 10 ಮೀಟರಿನಲ್ಲಿ ಎರಡು ಬಾರ್ ಗಾಳಿ, 20 ಮೀಟರಿನಲ್ಲಿ ಮೂರು. ಯಾರೂ ಗುಂಡಿ ತಿರುಗಿಸಬೇಕಿಲ್ಲ. ಆಚೆ ನೀರು, ಈಚೆ ಉಸಿರು, ಇದಿಷ್ಟು ನೆನಪಿಡಿ.

ತಾಯಂದಿರೇ, ನಿಮ್ಮ ಅಡುಗೆ ಗ್ಯಾಸಿನ ರೆಗ್ಯುಲೇಟರಿನೊಳಗೂ ಇಂಥದೇ ಹಾಳೆ, ಇಂಥದೇ ಸನ್ನೆಕೋಲು ಇವೆ. ಬಿಚ್ಚಿ ನೋಡಲು ಹೋಗಬೇಡಿ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಕೂಸ್ತೋ ಜೊತೆ ಸೇರಿ ಎಂಜಿನಿಯರ್ ಗ್ಯಾನ್ಯಾ ಮುಳುಗುವವರಿಗೆಂದು ತಿದ್ದಿ ಕೊಟ್ಟದ್ದು ಕೂಡ ಕಾರುಗಳನ್ನು ಗ್ಯಾಸಿನ ಮೇಲೆ ಓಡಿಸಲು ತಾನು ಮಾಡಿದ್ದ ವಾಲ್ವನ್ನೇ. ಆಗ ಅದು ಬೆನ್ನ ಮೇಲಿರುತ್ತಿತ್ತು.

ಗಾಜಿನಾಚೆಯಿಂದ ಸಮಯ ಮುಗಿಯಿತೆಂದು ಬೆರಳು ತೋರಿಸುತ್ತಿದ್ದಾರೆ, ಬಾವಿಯಲ್ಲಿ ಹೆಚ್ಚು ಹೊತ್ತು ಕಳೆದೆ. ಬಿಟ್ಟ ಉಸಿರು ಅಣಬೆಯಾಕಾರದ ಇನ್ನೊಂದು ರಬ್ಬರಿನ ಮೂಲಕ ಹೊರಗೆ ಹೋಗುತ್ತದೆ. ಇನ್ನು ಸನ್ನೆಕೋಲು ಸರಿಸುವ ವಾಲ್ವ್, ಅದು ಗಾಳಿ ಹರಿಯುವ ದಿಕ್ಕಿಗೇ ತೆರೆಯುವುದರಿಂದ, ಹಿಂದಿನಿಂದ ಒತ್ತಡ ಮಿತಿಮೀರಿದರೆ ಸೋರುತ್ತದೆಯೇ ಹೊರತು ಬಿಗಿದು ಮುಚ್ಚಿಕೊಳ್ಳುವುದಿಲ್ಲ. ಎಂಥ ಜಾಣ ಕೆಲಸ ನೋಡಿ!

ನಂಬಿಕೆ ಬಾರದಿದ್ದರೆ, ನೇತ್ರಾಣಿಗೆ ಹೋದಾಗ ಕಲಿಸುವವರನ್ನು ಕೇಳಿ. ಆ ಡಬ್ಬಿಯನ್ನು ನೀರಿಗೆ ಬಾಯಿ ಮೇಲಾಗಿ ಬಿಟ್ಟರೆ ಹಾಳೆ ಕೆಳಗಾಗುತ್ತದೆ. ಅಲ್ಲಿ ನೀರಿನ ಒತ್ತಡ ಕೊಂಚ ಹೆಚ್ಚು, ಯಾರೂ ಉಸಿರೆಳೆಯದೆಯೇ ಗಾಳಿ ಬುಸುಗುಟ್ಟುತ್ತದೆ. ಬೋರಲು ಹಾಕಿ, ತೆಪ್ಪಗಾಗುತ್ತದೆ. ನಮಸ್ಕಾರ.