ಹೆಂಟೆ ಒಡೆಯದ ವರ್ಷ

ರೈತ ಬಾಂಧವರಿಗೆ, ಅಕ್ಕ ತಂಗಿಯರಿಗೆ ನಮಸ್ಕಾರ. ನಾನು ವಿಜ್ಞಾನಿ ಅಲ್ಲ, ತಾಳಿಕೋಟೆ ಕಡೆ ಒಕ್ಕಲುತನ ಮಾಡುವವನು. ಡೋಣಿ ಹೊಳೆ ದಂಡೆಗೆ ನಮ್ಮದು ಹನ್ನೆರಡು ಎಕರೆ ಎರಿ ಹೊಲ, ಅಂದರೆ ಕರಿಮಣ್ಣಿನದು. ಹಿಂಗಾರಿ ಬಿಳಿಜೋಳ, ಕಡಲೆ, ಒಂದಿಷ್ಟು ತೊಗರಿ, ಅಷ್ಟೇ. ಹೊಲವನ್ನು ಎಷ್ಟು ಉಳಬೇಕು, ಎಷ್ಟು ಬಿಡಬೇಕು ಅನ್ನೋದರ ಬಗ್ಗೆ ಮಾತಾಡಿ ಅಂದಿದ್ದಾರೆ. ಮೊದಲು ನಾನು ಕೆಟ್ಟ ಕಥೆಯನ್ನೇ ಹೇಳಿಬಿಡ್ತೇನೆ.

ಕೆಲವು ವರ್ಷದ ಹಿಂದಿನ ಮಾತು. ಕಡಲೆ ರಾಶಿ ಮುಗಿದಿತ್ತು, ಕೈಯಲ್ಲಿ ನಾಲ್ಕು ಕಾಸು ಇತ್ತು. ಊರಿಗೆ ದೊಡ್ಡ ಟ್ರ್ಯಾಕ್ಟರ್ ಬಂದಿತ್ತು, ಅದರ ಹಿಂದೆ ಮಿಂಚುವ ಪಲ್ಟಿ ನೇಗಿಲು, ಮಣ್ಣನ್ನು ಆಳದಿಂದ ಮಗುಚಿ ಹಾಕುವಂಥದ್ದು. ಎಲ್ಲರೂ ಹೊಡೆಸಿದರು, ನಾನೂ ಹೊಡೆಸಿದೆ. ಹೊಲ ನೋಡೋಕೆ ಭಾಳ ಚೆಂದ ಕಾಣ್ತಿತ್ತು, ಕರಿ ಕರಿ ಹೆಂಟೆ, ಅಂದರೆ ಮಣ್ಣಿನ ಗಡ್ಡೆ, ಒಂದೊಂದು ನೀರಿನ ಕೊಡದಷ್ಟು ದೊಡ್ಡದು. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು ನೋಡಿ, "ಏನ್ ತಮ್ಮಾ, ಹೊಲಾನೆಲ್ಲಾ ಮಗುಚಿ ಹಾಕಿಯಲ್ಲ, ಈ ಹೆಂಟಿ ಒಡಿಯಾಕ ಮಳಿ ಬರಬೇಕಲ್ಲೋ" ಅಂದರು. ನಾನು ನಕ್ಕೆ.

ಆ ವರ್ಷ ಮುಂಗಾರಿಗೆ ಮೊದಲು ಬರೋ ಅಡ್ಡಮಳೆ ಬರಲೇ ಇಲ್ಲ. ಮೃಗಶಿರಾ ಮಳೆ ನೆಲ ತೋಯಿಸಿ ಹೋಯಿತು, ಹೆಂಟೆ ಹಾಗೇ ಕೂತವು. ಆಗಸ್ಟ್‌ನಲ್ಲಿ ತಡೆಯಲಾರದೆ ರೋಟಾವೇಟರ್ ಹೊಡೆಸಿದೆ, ಒಮ್ಮೆ ಅಲ್ಲ, ಎರಡು ಸಲ. ಮಣ್ಣು ಜೋಳದ ಹಿಟ್ಟಿನಂತಾಯಿತು. ಆಮೇಲೆ ಹುಬ್ಬಿ ಮಳೆ ಒಂದೇ ಸಂಜೆ ಜಡಿಯಿತು ನೋಡಿ, ಆ ಹಿಟ್ಟೆಲ್ಲ ಮೇಲ್ಮೈಗೆ ಮೆತ್ತಿಕೊಂಡು ಸುಣ್ಣ ಬಳಿದ ಗೋಡೆ ಹಾಗೆ ಮುಚ್ಚಿತು, ನೀರು ಒಳಗೆ ಇಳಿಯೋ ಬದಲು ಹಳ್ಳದ ದಾರಿ ಹಿಡಿಯಿತು. ಬಿತ್ತನೆ ಆಯಿತು, ಮೊಳಕೆನೂ ಬಂತು. ಆದರೆ ಒಂದು ಗೇಣು ಕೆಳಗೆ ನೆಲ ಒಣಗಿತ್ತು.

ಎಳ್ಳ ಅಮವಾಸ್ಯೆ ದಿನ ಚರಗ ಚೆಲ್ಲೋಕೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗ್ತೀವಿ, ಅಲ್ವಾ? ಬೀಗರು ಬಂದಿದ್ದರು. ಕಾಕಾನ ಜೋಳ ಎದೆ ಮಟ್ಟ ನಿಂತಿತ್ತು, ನಂದು ಮೊಣಕಾಲಿಗಿಂತ ಸ್ವಲ್ಪ ಮೇಲೆ, ಕೆಳಗಿನ ಎಲೆ ಸುರುಟಿತ್ತು. ನಡುವೆ ಇದ್ದದ್ದು ಒಂದು ಬದು ಮಾತ್ರ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಬಾಯಿಗೆ ಇಳಿಯಲಿಲ್ಲ. ರಾಶಿಯಲ್ಲಿ ಕಾಕಾಗೆ ಎಕರೆಗೆ ಐದು ಚೀಲ ಬಂತು, ನನಗೆ ಎರಡು.

ಕಾಕಾ ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ. ಬೇಸಿಗೆಯಲ್ಲಿ ಹೊಲವನ್ನು ಹಾಗೇ ಬಿಟ್ಟರು. ಮಳೆ ಬಿದ್ದಾಗ ಎತ್ತು ಹೂಡಿ ಕುಂಟಿಯಿಂದ ಎರಡು ಸಲ ಹರಗಿದರು. ಕುಂಟಿ ಏನು ಮಾಡುತ್ತದೆ ನೋಡಿ. ಎರಡು ಮೂರು ಇಂಚು ಕೆಳಗೆ ಅಡ್ಡ ಹಾಯ್ದು ಕಳೆಯ ಬುಡ ಕೊಯ್ಯುತ್ತದೆ, ಮೇಲೆ ತೆಳ್ಳಗೆ ಮಣ್ಣು ಸಡಿಲ ಮಾಡುತ್ತದೆ, ಆದರೆ ಕೆಳಗಿನದನ್ನು ಮೇಲೆ ತರುವುದಿಲ್ಲ. ಹಿಂದಿನ ಬೆಳೆಯ ಕೂಳೆ, ಉದುರಿದ ಎಲೆ ಬಹಳಷ್ಟು ಮೇಲೆಯೇ ಉಳಿಯುತ್ತವೆ. ಕಡಿಮೆ ಉಳುಮೆ, ಸಂರಕ್ಷಣಾ ಬೇಸಾಯ ಅಂತ ಈಗ ಪುಸ್ತಕದಲ್ಲಿ ಬರೆಯೋದರಲ್ಲಿ ಅರ್ಧ ಕೆಲಸ ನಮ್ಮ ಮುತ್ಯಾನ ಕುಂಟಿ ಮಾಡ್ತಿತ್ತು. ನಾವು ಅದನ್ನು ಅಟ್ಟದ ಮೇಲೆ ಒಗೆದು ಈಗ ತರಬೇತಿಗೆ ಹೋಗ್ತಿದ್ದೇವೆ!

ಎರಿ ಮಣ್ಣಿಗೆ ಇನ್ನೊಂದು ಗುಣ ಇದೆ. ಇದು ತನ್ನನ್ನು ತಾನೇ ಉಳುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿಗೆ ಕೈ ಹಾಕಿ ನೋಡಿ, ಮೊಣಕೈವರೆಗೂ ಹೋಗುತ್ತದೆ. ಮೇಲಿನ ಪುಡಿ ಮಣ್ಣು, ಕಸ, ಎಲೆ ಎಲ್ಲ ಆ ಬಿರುಕಿಗೆ ಬೀಳುತ್ತವೆ, ಮಳೆ ಬಂದ ಮೇಲೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೀಗೆ ವರ್ಷ ವರ್ಷ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮೊದಲ ಮಳೆ ನೀರು ಇಳಿಯೋದೂ ಆ ಬಿರುಕಿನಿಂದಲೇ. ಅಂಥ ಹೊಲಕ್ಕೆ ಪ್ರತಿ ವರ್ಷ ಪಲ್ಟಿ ಯಾಕೆ ಬೇಕು ಅಂತ ನಾನು ಕೇಳ್ತೇನೆ.

ಅದೇ ಬಿರುಕು ಬೆಳೆ ನಿಂತಾಗ ಬಿಟ್ಟರೆ ಮಾತ್ರ ವೈರಿ. ಬೇರು ಹರಿಯುತ್ತದೆ, ಒಳಗಿನ ಹಸಿ ಆರಿಹೋಗುತ್ತದೆ. ಅದಕ್ಕೇ ಜೋಳದಲ್ಲಿ ಎಡೆ ಹೊಡೆಯೋದನ್ನು, ಅಂದರೆ ಸಾಲಿನ ನಡುವೆ ಸಣ್ಣ ಕುಂಟಿ ಹಾಯಿಸೋದನ್ನು, ಬಿಡಬಾರದು. ಕಳೆ ಇಲ್ಲದಿದ್ದರೂ ಹೊಡೀರಿ, ಮೇಲಿನ ಧೂಳು ಬಿರುಕು ಮುಚ್ಚಲಿ.

ಈಗ ಸ್ವಲ್ಪ ಲೆಕ್ಕ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರ್ ಮಳೆ ಅಂದರೆ ಒಂದು ಲಕ್ಷ ಲೀಟರ್. ವಿಜಯಪುರ ಜಿಲ್ಲೆಗೆ ವರ್ಷಕ್ಕೆ ಬೀಳೋದು ಸುಮಾರು 600 ಮಿಲಿಮೀಟರ್, ಅದರಲ್ಲೂ ಜಾಸ್ತಿ ಬರೋದು ಸೆಪ್ಟೆಂಬರ್‌ನಲ್ಲಿ, ನಾವು ಇನ್ನೂ ಬಿತ್ತದೆ ಹೊಲ ಬರಿ ಮೈಯಲ್ಲಿ ಬಿಟ್ಟಿರೋ ಹೊತ್ತಿಗೆ. ಓಡೋ ನೀರು ಸುಮ್ನೆ ಓಡೋದಿಲ್ಲ, ಮಣ್ಣು ಹೊತ್ತುಕೊಂಡೇ ಓಡುತ್ತದೆ. ಒಂದು ಎಕರೆಯಲ್ಲಿ ಒಂದು ಸೆಂಟಿಮೀಟರ್ ಮಣ್ಣು ಅಂದರೆ ಹತ್ತಿರ ಹತ್ತಿರ 50 ಟನ್. ನಿಮ್ಮ ಹೊಲದಿಂದ ಯಾರಾದರೂ ಹತ್ತು ಟ್ರಾಲಿ ಮಣ್ಣು ತುಂಬಿಕೊಂಡು ಹೋದರೆ ಪೊಲೀಸ್ ಠಾಣೆಗೆ ಹೋಗ್ತೀರಿ. ಹಳ್ಳ ಒಯ್ದರೆ ಕೇಳೋರಿಲ್ಲ.

ನಮ್ಮ ಕಡೆ ಒಂದು ಮಾತಿದೆ, ಡೋಣಿ ಬೆಳೆದರೆ ಓಣಿ ತುಂಬಾ ಜೋಳ. ಈಗ ಡೋಣಿಯಲ್ಲಿ ತುಂಬಿರೋದು ಹೂಳು. ಅದು ಎಲ್ಲಿಂದ ಬಂತು? ನಮ್ಮ ಹೊಲದ್ದೇ ಅಲ್ವಾ.

ನೀರು ತಡೆಯೋಕೆ ಮೊದಲ ಕೆಲಸಕ್ಕೆ ದುಡ್ಡು ಬೇಕಾಗಿಲ್ಲ. ಇಳಿಜಾರಿಗೆ ಅಡ್ಡ ಹರಗಿ, ಅಡ್ಡವೇ ಬಿತ್ತಿ. ಟ್ರ್ಯಾಕ್ಟರ್ ಹುಡುಗರು ಹೊಲದ ಉದ್ದಕ್ಕೆ ಹೊಡೀತಾರೆ, ತಿರುವು ಕಡಿಮೆ, ಡೀಸೆಲ್ ಉಳಿಯುತ್ತದೆ ಅಂತ. ಉದ್ದ ಇಳಿಜಾರಿನ ಕಡೆಗೇ ಇದ್ದರೆ ಪ್ರತಿ ಸಾಲೂ ಒಂದು ಕಾಲುವೆ ಆಗುತ್ತದೆ. ಹತ್ತಿರ ನಿಂತು ಹೇಳಿ ಹೊಡೆಸಬೇಕು, ಮುಖ ಸಿಂಡರಿಸಲಿ, ಪರವಾಗಿಲ್ಲ.

ಎರಡನೆಯದು ಚೌಕು ಮಡಿ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಗಿದ್ದು 1930ರ ದಶಕದಲ್ಲಿ, ನಾವು ಮುಂಬೈ ಪ್ರಾಂತ್ಯದಲ್ಲಿದ್ದ ಕಾಲಕ್ಕೆ. ಸೊಲ್ಲಾಪುರ, ರಾಯಚೂರು, ಬಳ್ಳಾರಿ ಹತ್ತಿರದ ಹಗರಿ ಇಲ್ಲೆಲ್ಲ ಆಗಲೇ ಇಂಥ ಕೇಂದ್ರ ಆದವು. ಈಗ ಆ ಕೆಲಸ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಹಿಟ್ನಳ್ಳಿ ಫಾರ್ಮಿನಲ್ಲಿ ನಡೆದಿದೆ. ಅಲ್ಲಿಯವರು ಎಷ್ಟೋ ವರ್ಷದಿಂದ ಹೇಳ್ತಿರೋದು ಇದನ್ನೇ. ಜೂನ್, ಜುಲೈನಲ್ಲಿ ಹೊಲದ ತುಂಬ ಗೇಣೆತ್ತರದ ಬದು ಹಾಕಿ ಚೌಕ ಚೌಕ ಮಾಡೋದು. ಇಳಿಜಾರು ಕಡಿಮೆ ಇದ್ದಲ್ಲಿ 20 ಅಡಿ ಚೌಕ, ಜಾಸ್ತಿ ಇದ್ದಲ್ಲಿ 10 ಅಡಿ. ಬಿದ್ದ ನೀರು ಬಿದ್ದಲ್ಲೇ ಇಂಗುತ್ತದೆ. ಬಿತ್ತೋ ಮುಂದೆ ಹರಗಿ ಸಮ ಮಾಡಿಕೊಂಡರೆ ಆಯಿತು. ಎತ್ತಿನಿಂದ ಎಳೆಯೋ ಬದು ಹಾಕುವ ಸಾಮಾನೂ ಇದೆ, ಟ್ರ್ಯಾಕ್ಟರಿಗೂ ಇದೆ.

ಮುಂಗಾರಿನಲ್ಲಿ ನೆಲ ಬರಿ ಬಿಡಲಾರೆ ಅನ್ನೋರು ಹೆಸರು ಬಿತ್ತಬಹುದು, ಎರಡು ತಿಂಗಳ ಚಿಲ್ಲರೆ ಬೆಳೆ, ಹಿಂದೆ ಜೋಳ ಬರುತ್ತದೆ. ಇಲ್ಲಾ ಸೆಣಬು ಬಿತ್ತಿ ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು. ಬೇಗ ಮಳೆ ಆದ ವರ್ಷಕ್ಕೆ ಮಾತ್ರ ಇದು. ಮಳೆ ತಡ ಆದರೆ ಆಸೆ ಬಿಡಿ, ಜೋಳದ ಹಸಿಯನ್ನು ಸೆಣಬು ಕುಡಿದುಬಿಡುತ್ತದೆ.

ಇನ್ನು ಕೂಳೆ, ಕಸದ ವಿಷಯ. ಇಲ್ಲೇ ಜಗಳ ಇರೋದು. ಬಿತ್ತನೆ ಆದ ಮೇಲೂ ನೆಲದ ಶೇಕಡಾ 30ರಷ್ಟು ಭಾಗ ಹಿಂದಿನ ಬೆಳೆಯ ಕಸದಿಂದ ಮುಚ್ಚಿರಬೇಕು, ಆಗಲೇ ಅದು ಸಂರಕ್ಷಣಾ ಉಳುಮೆ ಅಂತ ಪರದೇಶದ ಲೆಕ್ಕ. ಅಲ್ಲಿ ಕಸ ಕಸವೇ. ನಮಗೆ ಜೋಳದ ಒಣ ದಂಟು, ಕಣಿಕೆ ಅಂದರೆ ದನದ ಊಟ. ಬರ ಬಿದ್ದ ವರ್ಷ ಕಾಳಿಗಿಂತ ಕಣಿಕೆಗೇ ರೇಟು. ಅದನ್ನು ಹೊಲದಲ್ಲಿ ಹಾಸಿ ಅಂತ ಯಾವ ಬಾಯಿಂದ ಹೇಳಲಿ? ನಾವು ಜೋಳವನ್ನು ಕೊಯ್ಯೋದೂ ಇಲ್ಲ, ಬೇರು ಸಮೇತ ಕೀಳ್ತೇವೆ, ಒಂದು ಎಳೆನೂ ಬಿಡಬಾರದು ಅಂತ.

ನಾನು ಒಂದು ರಾಜಿ ಮಾಡಿಕೊಂಡಿದ್ದೇನೆ. ಎರಡು ಎಕರೆಯಲ್ಲಿ ಕೀಳೋದು ಬಿಟ್ಟು ಕುಡಗೋಲಿನಿಂದ ಅರ್ಧ ಗೇಣು ಮೇಲೆ ಕೊಯ್ಯಿಸ್ತೇನೆ. ಬೇರು ನೆಲದಲ್ಲೇ ಉಳಿಯುತ್ತದೆ, ಕೊಳೆತ ಮೇಲೆ ಅದೇ ನೀರಿಗೆ ದಾರಿ. ಆಳುಗಳಿಗೆ ಮೊದಲ ವರ್ಷ ಇದು ಹುಚ್ಚಾಗಿ ಕಂಡಿತು. ತೊಗರಿ, ಕಡಲೆ ಎಲೆ ಉದುರಿಸಿ ತಾವೇ ಹಾಸಿಗೆ ಹಾಸುತ್ತವೆ, ಅದನ್ನು ಗುಡಿಸಿ ಸುಡದಿದ್ದರೆ ಸಾಕು. ಬೇಸಿಗೆಯಲ್ಲಿ ಕುರಿ ನಿಲ್ಲಿಸ್ತೇನೆ, ತಿಪ್ಪಿ ಗೊಬ್ಬರ ಇದ್ದಷ್ಟು ಹಾಕ್ತೇನೆ.

ಆದರೆ ಬಾಗಲಕೋಟೆ, ಬೆಳಗಾವಿ ಕಡೆಯ ಕಬ್ಬಿನವರಿಗೆ ಈ ಬಡತನ ಇಲ್ಲ. ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಕಡೆ ರಾತ್ರಿ ಬಸ್ಸಿನಲ್ಲಿ ಹೋದರೆ ದಾರಿ ಉದ್ದಕ್ಕೂ ಕಬ್ಬಿನ ಒಣ ಗರಿಗೆ, ರವದಿಗೆ ಹಚ್ಚಿದ ಬೆಂಕಿ. ದನವೂ ತಿನ್ನದ ಒಣ ರವದಿ, ಕೈಗೆ ಬಂದ ಗೊಬ್ಬರ, ಒಂದು ಕಡ್ಡಿಪೆಟ್ಟಿಗೆಯಲ್ಲಿ ಮುಗಿಸ್ತೀರಲ್ಲ! ಸಾಲು ಬಿಟ್ಟು ಸಾಲಿಗೆ ಹಾಸಿ ನೋಡಿ. ನೀರು ಬಿಡೋ ಸರದಿ ತಾನೇ ದೂರ ಆಗುತ್ತದೆ, ಕಳೆ ಕಡಿಮೆ ಆಗುತ್ತದೆ. ಸವಳು ಹಿಡಿದ, ಅಂದರೆ ಉಪ್ಪೇರಿದ ಹೊಲ ನಿಮ್ಮಲ್ಲಿ ಏನು ಕಡಿಮೆ ಇಲ್ಲ, ಅದಕ್ಕೂ ನೀರು ಕಡಿಮೆ ಬಿಟ್ಟಷ್ಟು ಒಳ್ಳೆಯದು.

ನಾಳೆ ಬೆಳಿಗ್ಗೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಹೇಳ್ತೇನೆ. ಎರಡು ಗಾಜಿನ ಲೋಟ ತಗೊಳ್ಳಿ. ಮಳೆ ನೀರು ಇಲ್ಲಾ ಫಿಲ್ಟರ್ ನೀರು ತುಂಬಿ, ಬೋರಿನ ನೀರು ಬೇಡ. ಒಂದರಲ್ಲಿ ಹುಲ್ಲು ಬೆಳೆದ ಬದುವಿನ ಮಣ್ಣು, ಇನ್ನೊಂದರಲ್ಲಿ ಹೊಲದ ನಡುವಿನ ಮಣ್ಣು, ಎರಡೂ ಅಡಿಕೆಯಷ್ಟು ದಪ್ಪ, ಚೆನ್ನಾಗಿ ಒಣಗಿದ ಉಂಡೆ. ಮೆಲ್ಲಗೆ ಬಿಡಿ, ಕಲಕಬೇಡಿ. ನಾನು ಮಾಡಿದಾಗ ಹೊಲದ ಉಂಡೆ ಚಹಾ ಕುಡಿದು ಮುಗಿಸೋದರೊಳಗೆ ಕುಸಿದು ಬಿತ್ತು, ಬದುವಿನದು ಊಟದ ಹೊತ್ತಿನವರೆಗೂ ಆಕಾರ ಹಿಡಿದಿತ್ತು. ಹುಲ್ಲಿನ ಬೇರು, ಕೊಳೆತ ಕಸ ಅದನ್ನು ಅಂಟು ಹಾಕಿದ ಹಾಗೆ ಹಿಡಿದಿರುತ್ತದೆ. ಲೋಟದ ನೀರು ಮರುದಿನವೂ ತಿಳಿಯಾಗದೆ ರಾಡಿಯಾಗೇ ಇದ್ದರೆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇರಬಹುದು, ಡೋಣಿ ದಂಡೆಯ ಹೊಲಗಳಲ್ಲಿ ಇದನ್ನು ಕಾಣಬಹುದು. ಆಗ ಮಣ್ಣು ಪರೀಕ್ಷೆ ಮಾಡಿಸಿ, ಜಿಪ್ಸಮ್ ಎಷ್ಟು ಹಾಕಬೇಕು ಅಂತ ಕೇಳಿ ಹಾಕಿ. ಅಂದಾಜಿಗೆ ಹಾಕಬೇಡಿ.

ಹಾಗಂತ ಪಲ್ಟಿ ನೇಗಿಲನ್ನು ಹಳ್ಳಕ್ಕೆ ಒಗೀರಿ ಅಂತ ನಾನು ಹೇಳ್ತಿಲ್ಲ. ಕರಿಕೆ ಹುಲ್ಲು ಹಿಡಿದ ಹೊಲಕ್ಕೆ ಕುಂಟಿ ಏನೂ ಮಾಡಲಾರದು, ಬೇರು ಆಳಕ್ಕೆ ಹೋಗಿರುತ್ತದೆ. ಬೇಸಿಗೆಯಲ್ಲಿ ಪಲ್ಟಿ ಹೊಡೆದು ಬೇರನ್ನು ಬಿಸಿಲಿಗೆ ಹಾಕಲೇಬೇಕು. ಉಳದೇ ಬಿತ್ತೋ ಪದ್ಧತಿಯಲ್ಲಿ ಕಳೆಗೆ ಔಷಧಿಯನ್ನೇ ನಂಬಬೇಕಾಗುತ್ತದೆ, ನನಗೆ ಅದು ಒಗ್ಗಲಿಲ್ಲ, ಒಂದು ವರ್ಷ ಮಾಡಿ ಬಿಟ್ಟೆ. ನಿಮಗೆ ಒಗ್ಗಬಹುದು.

ನನ್ನ ಹೊಲದ ಬಡಗಣ ಮೂಲೆಯಲ್ಲೂ ಕರಿಕೆ ಇದೆ, ಹತ್ತು ಗುಂಟೆಯಷ್ಟು. ಈ ಸಲ ಅಷ್ಟಕ್ಕೆ ಮಾತ್ರ ಪಲ್ಟಿ ಹೊಡೆಸಬೇಕು ಅಂತಿದ್ದೇನೆ. ಟ್ರ್ಯಾಕ್ಟರ್ ಹುಡುಗ, "ಹತ್ತು ಗುಂಟೆಕ್ಕ ನಾ ಬರೂದಿಲ್ರಿ, ಹೊಡಿಸಿದ್ರ ಪೂರಾ ಹೊಡಿಸ್ರಿ" ಅಂತಾನೆ. ಇನ್ನೂ ಮಾತುಕತೆ ನಡೆದಿದೆ. ನಮಸ್ಕಾರ.