ಬ್ಯಾಟರಿ ಬದಲಿಸುವ ಮೊದಲು ಅರ್ಥಿಂಗ್ ನೋಡಿ

ಕೇಳುಗರಿಗೆ ನಮಸ್ಕಾರ. ನಮ್ಮ ಕಾರವಾರದ ಕಡೆ ಹಳೆಯ ಕಾರು ಇಟ್ಟುಕೊಂಡವರ ಹತ್ತಿರ ಇವತ್ತು ಸ್ವಲ್ಪ ಮಾತಾಡಬೇಕು. ಬೆಳಿಗ್ಗೆ ಚಾವಿ ತಿರುಗಿಸುತ್ತೀರಿ. ಟಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಬ್ಯಾಟರಿ ಹೋಯಿತು ಅಂತ ಅಂಗಡಿಗೆ ಓಡುತ್ತೀರಿ, ಅಲ್ವಾ?

ನಾನೂ ಓಡಿದ್ದೆ. ನನ್ನದು 1997ರ ಮಾರುತಿ 800. ಹೊಸ ಬ್ಯಾಟರಿ ಹಾಕಿಸಿದೆ. ಹದಿನೈದು ದಿನ ಚೆನ್ನಾಗಿತ್ತು. ಒಂದು ಸಂಜೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುತ್ತಿದ್ದೆ. ಇಂಡಿಕೇಟರ್ ಹಾಕಿದಾಗಲೆಲ್ಲ ಹೆಡ್‌ಲೈಟ್ ಅದರ ತಾಳಕ್ಕೇ ಮಂಕಾಗುತ್ತಿತ್ತು. ಮಳೆ ಬೇರೆ. ಆ ತಿರುವುಗಳಲ್ಲಿ ಬೆಳಕು ಕುಗ್ಗಿದರೆ ಜೀವವೇ ಬಾಯಿಗೆ ಬರುತ್ತದೆ. ಕುಮಟಾದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಮತ್ತೆ ಅದೇ ಟಕ್.

ಪಕ್ಕದಲ್ಲೇ ವಯಸ್ಸಾದ ಇಲೆಕ್ಟ್ರಿಷಿಯನ್ ಒಬ್ಬರಿದ್ದರು. ದಪ್ಪ ಕೇಬಲ್ ತಂದು, ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್ನಿನ ಬರಿಯ ಲೋಹಕ್ಕೆ ಕಚ್ಚಿಸಿದರು. "ಈಗ ಸೆಲ್ಫ್ ಹೊಡೀರಿ" ಅಂದರು. ಒಂದೇ ಸಲಕ್ಕೆ ಇಂಜಿನ್ ಶುರುವಾಯಿತು.

ಕಾರಿನಲ್ಲಿ ಕರೆಂಟು ತಂತಿಯಲ್ಲಿ ಹೋಗುತ್ತದೆ, ವಾಪಸ್ ಬರುವುದು ಇಂಜಿನ್ ಮತ್ತು ಬಾಡಿಯ ಲೋಹದ ಮೂಲಕ. ಈ ವಾಪಸ್ ದಾರಿಯೇ ಅರ್ಥಿಂಗ್. ಇವನ್ನು ಬ್ಯಾಟರಿಗೆ ಜೋಡಿಸುವ ಅರ್ಥ್ ಕೇಬಲ್ ಬೋಲ್ಟಿನಲ್ಲಿ ಕೂತಿರುತ್ತದೆ. ನಮ್ಮ ಉಪ್ಪುಗಾಳಿ, ಮಳೆಗಾಲದ ತೇವ ಅಲ್ಲಿಗೆ ಇಳಿಯುತ್ತವೆ. ತಾಮ್ರಕ್ಕೆ ಹಸಿರು ಕಿಲುಬು, ಬೋಲ್ಟಿಗೆ ತುಕ್ಕು. ಮೇಲಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಸಣ್ಣ ಬಲ್ಬಿಗೆ ಸಾಲುವಷ್ಟು ಕರೆಂಟು ದಾಟುತ್ತದೆ. ಆದರೆ ಇಂಜಿನ್ ತಿರುಗಿಸುವ ಸೆಲ್ಫ್ ಮೋಟಾರ್ ಎಳೆಯುವುದು ನೂರರ ಆಸುಪಾಸಿನ ಆಂಪಿಯರ್. ಅದು ಆ ಕಿಲುಬಿನಲ್ಲಿ ದಾಟುವುದಿಲ್ಲ.

ಒಂದು ಸಾದಾ ಮಲ್ಟಿಮೀಟರ್ ತಗೊಳ್ಳಿ. ಡಿಸಿ 20 ವೋಲ್ಟಿಗೆ ಇಡಿ. ಗಾಡಿ ರಾತ್ರಿಯೆಲ್ಲ ನಿಂತಿದ್ದಾಗ ಬ್ಯಾಟರಿ 12.6 ತೋರಿಸಿದರೆ ತುಂಬಿದೆ. ಇಂಜಿನ್ ಓಡುವಾಗ ಸುಮಾರು 14 ಬಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಮುಖ್ಯವಾದ್ದು ಮುಂದಿನದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಲೋಹಕ್ಕೆ ಹಿಡಿಯಿರಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮನೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಕೆಟ್ಟಿದೆ.

ಬ್ಯಾಟರಿಯ ಕೇಬಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಅರ್ಥ್ ಕೇಬಲ್ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಕೇಬಲ್ ಒಳಗೇ ಹಸಿರಾಗಿದ್ದರೆ ಬದಲಿಸಿಬಿಡಿ. ದಯವಿಟ್ಟು ಫ್ಯೂಸ್ ಹೋದ ಜಾಗಕ್ಕೆ ಸುಮ್ನೆ ತಂತಿ ಸುತ್ತಬೇಡಿ. ಫ್ಯೂಸಿನ ಬದಲು ವೈರಿಂಗೇ ಸುಡುತ್ತದೆ.

ಅವತ್ತು ಆ ಹಿರಿಯರು ಬೋಲ್ಟ್ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟರು. ಒಂದು ಬದಿಯೆಲ್ಲ ಹಸಿರು ಪುಡಿ. ನನ್ನ ಹಳೆಯ ಬ್ಯಾಟರಿ ಈಗಲೂ ಮನೆಯ ಇನ್ನೊಂದು ಗಾಡಿಯಲ್ಲಿ ಓಡುತ್ತಿದೆ. ನಮಸ್ಕಾರ.