ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲು ಮುಗಿಸಬೇಕಾದ ಕೆಲಸ ಎಷ್ಟೋ ಇರುತ್ತದೆ. ಅದನ್ನೆಲ್ಲ ಬಿಟ್ಟು ಬಂದಿದ್ದೀರಿ, ಸಂತೋಷ. ನಿಮ್ಮನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಚರಂಡಿಗೆ. ಅಲ್ಲಿಂದ? ಹಳ್ಳಕ್ಕೆ. ಶಿರಸಿ ಸುತ್ತಿನ ಎಷ್ಟೋ ಹಳ್ಳಗಳು ಹೋಗಿ ಸೇರುವುದು ಅಘನಾಶಿನಿಯನ್ನು. ಇಲ್ಲೇ ನಮ್ಮ ಶಂಕರ ಹೊಂಡದಲ್ಲಿ ಹುಟ್ಟುವ ಹೊಳೆ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಘಟ್ಟ ಇಳಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ನಡುವೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಇದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ನಾವು ಇಲ್ಲಿ ಬಿಟ್ಟದ್ದು ಸೀದಾ ಕೆಳಗಿನವರ ಅಂಗಳಕ್ಕೇ ಹೋಗುತ್ತದೆ, ಅಲ್ವಾ?

ಹೊಳೆ ಸಮುದ್ರ ಸೇರುವ ಆ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ಪ್ರದೇಶ, ಎಂಬ ಮನ್ನಣೆ ಸಿಕ್ಕಿತು. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುತ್ತಾರೆ. ಒಮ್ಮೆ ದಡದಲ್ಲಿ ನಿಂತು ನೋಡುತ್ತಿದ್ದೆ. ಒಬ್ಬ ಅಕ್ಕ ಬುಟ್ಟಿಯನ್ನು ನೀರಲ್ಲಿ ಅಲುಗಾಡಿಸಿ ತೊಳೆಯುತ್ತಿದ್ದರು. ಚಿಪ್ಪುಗಳ ನಡುವೆ ಮೂರು ಮೂಲೆಯ ಸಣ್ಣ ಪ್ಲಾಸ್ಟಿಕ್ ಚೂರು. ಹಾಲಿನ ಪ್ಯಾಕೆಟ್ಟಿನ ತುದಿ. ಅವರು ಸುಮ್ನೆ ತೆಗೆದು ಸೊಂಟದ ಸೆರಗಿಗೆ ಸಿಕ್ಕಿಸಿಕೊಂಡರು, ಮತ್ತೆ ನೀರಿಗೆ ಎಸೆಯಲಿಲ್ಲ. ನನಗೆ ನನ್ನ ಅಡುಗೆಮನೆಯ ಕತ್ತರಿ ನೆನಪಾಯಿತು.

ಬಳಚು ನೀರನ್ನು ಒಳಗೆಳೆದುಕೊಂಡು, ಸೋಸಿ, ಸಿಕ್ಕಿದ್ದನ್ನು ತಿಂದು ಬದುಕುತ್ತದೆ. ನೀರಲ್ಲಿ ಸಣ್ಣ ಸಣ್ಣ ಚೂರು ಏನಿದ್ದರೂ ಅದರ ಹೊಟ್ಟೆಗೆ. ರಾತ್ರಿ ಅದೇ ಯಾರದೋ ಮನೆಯ ಸಾರು.

ಅಂದಿನಿಂದ ನಾನು ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ. ಒಂದು ಕಡೆ ಅಂಟಿಕೊಂಡೇ ಇರಲಿ ಎಂದು ಬಿಡುತ್ತೇನೆ. ಪ್ಯಾಕೆಟ್ ತೊಳೆದು ಒಣಗಿಸಿದರೆ ಗುಜರಿಯವರು ಒಯ್ಯುತ್ತಾರೆ. ಬೇರೆಯಾದ ಚೂರನ್ನು ಯಾರೂ ಹೆಕ್ಕುವುದಿಲ್ಲ. ಮೊದಲ ಮಳೆಗೆ ಅದು ಹಳ್ಳಕ್ಕೆ ಹೋಗುತ್ತದೆ. ಕೈಚೀಲದ ಬಗ್ಗೆ ನಾನೇನೂ ಹೇಳುವುದಿಲ್ಲ. ಪ್ಲಾಸ್ಟಿಕ್ ಚೀಲವನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧಿಸಿದೆ, ಅದು ನಿಮಗೆಲ್ಲ ಗೊತ್ತು.

ಇನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್. ತಂದಾಗ ದಪ್ಪ ಇರುತ್ತದೆ, ಒಂದು ತಿಂಗಳಲ್ಲಿ ಸವೆದು ತೆಳ್ಳಗಾಗುತ್ತದೆ. ಸವೆದದ್ದು ಎಲ್ಲಿ ಹೋಯಿತು? ಅದೂ ಪ್ಲಾಸ್ಟಿಕ್ಕೇ. ಪಾತ್ರೆ ತೊಳೆದ ನೀರಿನ ಜೊತೆ ಹೋಯಿತು. ನಮ್ಮ ಅಜ್ಜಿ ತುಪ್ಪದ ಹೀರೆಯ ಒಂದೆರಡು ಕಾಯಿಯನ್ನು ಬಳ್ಳಿಯಲ್ಲೇ ಬಲಿಯಲು ಬಿಡುತ್ತಿದ್ದರು. ಒಣಗಿದ ಮೇಲೆ ಸಿಪ್ಪೆ ಸುಲಿದು, ಬೀಜ ಕೊಡವಿದರೆ ಒಳಗಿನ ನಾರು ಬಲೆಯ ಹಾಗೆ ಬಿಡಿಸಿಕೊಳ್ಳುತ್ತದೆ. ಅದಕ್ಕೆ ಸ್ವಲ್ಪ ಒಲೆಯ ಬೂದಿ. ಬೂದಿಯ ಕ್ಷಾರ ಎಣ್ಣೆ ಜಿಡ್ಡನ್ನು ಸಾಬೂನಿನ ಹಾಗೇ ಬಿಡಿಸುತ್ತದೆ. ನಾರು ಸವೆದರೆ ಗೊಬ್ಬರಗುಂಡಿಗೆ.

ಬೂದಿ ಅಂದೆ. ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಬಚ್ಚಲ ಒಲೆಗೆ ಬೆಂಕಿ ಹಚ್ಚಲು ಎಣ್ಣೆ ಪ್ಯಾಕೆಟ್ ಹಾಕುತ್ತಿದ್ದೆವು. ಮಳೆಗಾಲದಲ್ಲಿ ಸೌದೆ ಹಸಿ, ಬೇಗ ಹತ್ತಲಿ ಅಂತ. ಪ್ಲಾಸ್ಟಿಕ್ ಹೊಗೆ ವಿಷ. ಪೈಪಿನ ಪ್ಲಾಸ್ಟಿಕ್ಕಾದ ಪಿವಿಸಿ ಸುಟ್ಟರಂತೂ ಡಯಾಕ್ಸಿನ್ ಎಂಬ ಕಡು ವಿಷ ಹುಟ್ಟುತ್ತದೆ. ಆ ಹೊಗೆ ಮೊದಲು ಹೋಗುವುದು ಒಲೆ ಊದುವವರ ಎದೆಗೆ. ಬೂದಿ ಬಸಳೆ ಬುಡಕ್ಕೆ. ಈಗ ಬೇಸಿಗೆಯಲ್ಲೇ ಗರಟೆ, ಒಣ ಸೋಗೆ ಕೂಡಿಟ್ಟುಕೊಳ್ಳುತ್ತೇವೆ. ಗರಟೆಯಷ್ಟು ಚೆನ್ನಾಗಿ ಹತ್ತುವುದು ಬೇರೆ ಯಾವುದಿದೆ ಹೇಳಿ?

ಅಂಟುವಾಳದ ಬಗ್ಗೆಯೂ ಒಂದು ಮಾತು. ಬಟ್ಟೆಗೆ, ತಲೆಗೆ ಬಹಳ ಒಳ್ಳೆಯದು. ಆದರೆ ಮರದಿಂದ ಬಂದದ್ದು ಎಂದು ಆ ನೀರನ್ನು ಸೀದಾ ಹಳ್ಳಕ್ಕೆ ಬಿಡಬೇಡಿ. ಅದರ ನೊರೆ ಮೀನಿಗೆ ವಿಷ. ಯಾವ ನೊರೆಯ ನೀರಾದರೂ ಮೊದಲು ಮಣ್ಣಿಗೆ ಇಂಗಲಿ. ಹಿತ್ತಿಲಲ್ಲಿ, ಬಾವಿಯಿಂದ ದೂರ, ಒಂದು ಗುಂಡಿ ತೆಗೆಯಿರಿ. ತಳಕ್ಕೆ ಕೆಂಪುಕಲ್ಲಿನ ಚೂರು, ಮೇಲೆ ತೆಂಗಿನ ಸಿಪ್ಪೆ, ಅಂಚಿಗೆ ಕೆಸು ಮತ್ತು ಬಾಳೆ. ಜಿಡ್ಡು ಸಿಪ್ಪೆಯಲ್ಲಿ ನಿಲ್ಲುತ್ತದೆ, ನೀರನ್ನು ಬೇರು ಕುಡಿಯುತ್ತದೆ. ಸಿಪ್ಪೆ ಕಪ್ಪಾಗಿ ಕೊಳೆತಾಗ ತೆಗೆದು ಹೊಸದು ಹಾಕಿ. ನಮ್ಮ ಹಿತ್ತಿಲ ಗುಂಡಿಯ ಕೆಸುವಿನ ಎಲೆ ಮೊರದಷ್ಟು ಅಗಲ ಬಂದಿದೆ.

ಬಾಗಿಲ ಹತ್ತಿರದ ಬುಟ್ಟಿಯಲ್ಲಿ ತುಪ್ಪದ ಹೀರೆಯ ಬೀಜ ಇಟ್ಟಿದ್ದೇನೆ, ಒಣ ಬಾಳೆಎಲೆಯಲ್ಲಿ ಕಟ್ಟಿ. ಹೋಗುವಾಗ ಒಂದೊಂದು ಪೊಟ್ಟಣ ತೆಗೆದುಕೊಳ್ಳಿ. ಮೊದಲ ಮಳೆ ಬಿದ್ದ ಮೇಲೆ ಬೇಲಿ ಪಕ್ಕ ಊರಿ. ಎರಡು ಕಾಯಿ ಮಾತ್ರ ಕೊಯ್ಯದೆ ಬಿಡಿ.